ಸೋಸುವ ಪೊರೆ ದಪ್ಪವಾದಾಗ

ಮೂತ್ರಪಿಂಡಗಳು ಸೋತವರ ರಕ್ತವನ್ನು ಡಯಾಲಿಸಿಸ್‌ನಿಂದ ಶುದ್ಧಗೊಳಿಸಲು ಎರಡು ದಾರಿಗಳಿವೆ. ಮೊದಲನೆಯದು ಆಸ್ಪತ್ರೆಯ ಯಂತ್ರ. ವಾರಕ್ಕೆ ಎರಡು ಮೂರು ಬಾರಿ ಅಲ್ಲಿಗೆ ಹೋಗಿ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಮಲಗಬೇಕು. ಎರಡನೆಯದು ರೋಗಿಯ ಉದರವನ್ನೇ ಶೋಧಕವಾಗಿ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್. ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿದ್ದ ಕಾಸರಗೋಡಿನ ರೋಗಿಗಳಿಗೆ ಚಿಕಿತ್ಸೆ ಗಡಿಯ ಯಾವ ಕಡೆಯಲ್ಲಿದೆ ಎಂಬುದೇ ಜೀವನ್ಮರಣದ ಪ್ರಶ್ನೆಯಾಯಿತು. ದೂರದ ಊರಿನವರಿಗೆ ಮನೆಯ ಚಿಕಿತ್ಸೆ ಏಕೆ ಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ವ್ಯಾಪ್ತಿಗೆ 2019ರಲ್ಲಿ ಈ ವಿಧಾನವೂ ಸೇರಿತು.

ಆದರೆ ಈ ದಾರಿಗೆ ಒಂದು ಮಿತಿಯುಂಟು. ಶುದ್ಧಿಗಾಗಿ ಹೊಟ್ಟೆಗೆ ಹಾಕುವ ದ್ರಾವಣವೇ ವರ್ಷಗಳು ಕಳೆದಂತೆ ಅಲ್ಲಿನ ಶೋಧಕವನ್ನು ಕೆಡಿಸಬಲ್ಲುದು.

ಉದರದ ಒಳಗೋಡೆಯನ್ನೂ ಕರುಳನ್ನೂ ಆವರಿಸಿರುವ ನವಿರಾದ ಪೊರೆಗೆ ಪೆರಿಟೋನಿಯಮ್ ಎಂದು ಹೆಸರು. ಬಿಡಿಸಿ ಹರಡಿದರೆ ಅದರ ವಿಸ್ತಾರ ಮೈಚರ್ಮದ ವಿಸ್ತಾರಕ್ಕೆ ಹತ್ತಿರವಾದುದು. ಹೊಟ್ಟೆಗೆ ಅಳವಡಿಸಿದ ಮೃದುವಾದ ಕೊಳವೆಯ ಮೂಲಕ ಸುಮಾರು ಎರಡು ಲೀಟರ್ ದ್ರಾವಣವನ್ನು ಒಳಗೆ ಬಿಟ್ಟು, ಕೆಲವು ಗಂಟೆಗಳ ಬಳಿಕ ಹೊರತೆಗೆಯುತ್ತಾರೆ. ಈ ಅವಧಿಯಲ್ಲಿ ಪೊರೆಯ ರಕ್ತನಾಳಗಳಿಂದ ಕಲ್ಮಷವೂ ಹೆಚ್ಚುವರಿ ನೀರೂ ದ್ರಾವಣಕ್ಕೆ ಇಳಿಯುತ್ತವೆ. ಉಪ್ಪು ಹಾಕಿ ಭರಣಿಯಲ್ಲಿಟ್ಟ ಮಾವಿನ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಗ್ಲೂಕೋಸ್ ಮಾಡುತ್ತದೆ. ದಿನಕ್ಕೆ ನಾಲ್ಕು ಬಾರಿ ದ್ರಾವಣ ಬದಲಿಸಿದರೆ ಎಂಟು ಲೀಟರ್, ವರ್ಷಕ್ಕೆ ಮೂರು ಸಾವಿರ ಲೀಟರಿನಷ್ಟು ದ್ರಾವಣ ಆ ನವಿರು ಪೊರೆಯನ್ನು ತೊಳೆದು ಹೋಗುತ್ತದೆ.

ಈ ದ್ರಾವಣ ಶರೀರದ ಸ್ವಭಾವಕ್ಕೆ ಹೊಂದುವಂಥದಲ್ಲ. ರಕ್ತದಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಗ್ಲೂಕೋಸ್ ಇದ್ದರೆ, ಅತ್ಯಂತ ಸೌಮ್ಯವಾದ 1.5 ಶೇಕಡಾ ಚೀಲದಲ್ಲೂ ಅದರ ಹತ್ತಕ್ಕಿಂತ ಹೆಚ್ಚು ಪಟ್ಟು ಇರುತ್ತದೆ. 4.25 ಶೇಕಡಾ ಚೀಲದಲ್ಲಿ ಸುಮಾರು 40 ಪಟ್ಟು. ರಕ್ತದ ಪಿಎಚ್ 7.4 ಆಗಿದ್ದರೆ ಸಾಂಪ್ರದಾಯಿಕ ದ್ರಾವಣದ್ದು 5.5ರ ಆಸುಪಾಸು, ಅಂದರೆ ಆಮ್ಲೀಯ. ಇದಕ್ಕೆ ಕಾರಣವೂ ಇದೆ. ಕ್ರಿಮಿನಾಶಕ್ಕಾಗಿ ದ್ರಾವಣವನ್ನು ಕಾಯಿಸಲೇಬೇಕು. ಒಲೆಯ ಮೇಲೆ ಸಕ್ಕರೆಯ ಪಾಕ ಕೆಂಪೇರುವಂತೆ, ಕಾದ ಗ್ಲೂಕೋಸ್ ಸಹ ಒಡೆದು ಹಾನಿಕರ ವಸ್ತುಗಳಾಗುತ್ತದೆ. ಆಮ್ಲೀಯವಾಗಿಟ್ಟರೆ ಈ ವಿಘಟನೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಹೀಗೆ ಸಕ್ಕರೆ, ಆಮ್ಲ, ವಿಘಟನೆಯ ವಸ್ತುಗಳು ಮೂರೂ ಸೇರಿ ಪೊರೆಯನ್ನು ಕೆರಳಿಸುತ್ತವೆ. ಕ್ರಿಮಿಯೇ ಇಲ್ಲದ ಉರಿಯೂತವಿದು. ಪೊರೆಯ ಕೋಶಗಳು ಇಂಟರ್‌ಲ್ಯೂಕಿನ್-6ರಂಥ ಸಂಕೇತಗಳನ್ನು ಹೊರಡಿಸುತ್ತವೆ. ಹೊಸ ರಕ್ತನಾಳಗಳು ಮೂಡುತ್ತವೆ. ಅಡಿಯಲ್ಲಿ ನಾರಿನಂಥ ಅಂಗಾಂಶ ಶೇಖರವಾಗುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನ ತಜ್ಞರು 2002ರಲ್ಲಿ ಈ ಬದಲಾವಣೆಯ ಅಳತೆಯನ್ನು ಪ್ರಕಟಿಸಿದರು. ಆರೋಗ್ಯವಂತರಲ್ಲಿ ಪೊರೆಯ ಕೆಳಪದರ 50 ಮೈಕ್ರಾನ್‌ನಷ್ಟು ದಪ್ಪವಿತ್ತು. ಮೂತ್ರಪಿಂಡ ಸೋತರೂ ಡಯಾಲಿಸಿಸ್ ಆರಂಭಿಸದವರಲ್ಲಿ ಅದು 140. ಪೆರಿಟೋನಿಯಲ್ ಡಯಾಲಿಸಿಸ್ ಪಡೆಯುತ್ತಿದ್ದವರಲ್ಲಿ 270. ಎಂಟು ವರ್ಷ ದಾಟಿದವರಲ್ಲಿ 700.

ಇದರ ಫಲ ಒಂದು ವಿಷವರ್ತುಲ. ಹೊಸ ರಕ್ತನಾಳಗಳು ದ್ರಾವಣದ ಗ್ಲೂಕೋಸನ್ನು ಬೇಗನೆ ಹೀರಿಕೊಳ್ಳುತ್ತವೆ. ಆಗ ನೀರನ್ನು ಸೆಳೆಯುವ ಬಲ ಕುಗ್ಗುತ್ತದೆ. ಕಾಲು ಬಾತ ರೋಗಿಗೆ ಇನ್ನೂ ತೀಕ್ಷ್ಣವಾದ ಚೀಲ ಬೇಕಾಗುತ್ತದೆ. ಅದು ಪೊರೆಯನ್ನು ಮತ್ತಷ್ಟು ಕೆರಳಿಸುತ್ತದೆ.

ದೋಷ ಕಂಡಲ್ಲಿ ತಿದ್ದುಪಡಿಯೂ ನಡೆದಿದೆ. ಹಿಂದೆ ಬಳಕೆಯಲ್ಲಿದ್ದ ಅಸಿಟೇಟ್, ಪೊರೆ ಗಟ್ಟಿಗೊಂಡು ಕರುಳನ್ನೇ ಬಿಗಿಯುವ ವಿರಳ ಆದರೆ ಘೋರ ತೊಡಕಿಗೆ ಕಾರಣವೆಂಬ ಶಂಕೆಯಿಂದ ತೆರೆಮರೆಗೆ ಸರಿಯಿತು. ಬಳಿಕ ಎರಡು ಕೋಣೆಗಳ ಚೀಲ ಬಂತು. ಒಂದರಲ್ಲಿ ತೀರ ಆಮ್ಲೀಯವಾಗಿಟ್ಟ ಗ್ಲೂಕೋಸ್, ಇನ್ನೊಂದರಲ್ಲಿ ಕ್ಷಾರ. ಬಳಸುವ ಮುನ್ನ ಎರಡನ್ನೂ ಬೆರೆಸಿದರೆ ದ್ರಾವಣ ತಟಸ್ಥವಾಗುತ್ತದೆ, ವಿಘಟನೆಯ ವಸ್ತುಗಳೂ ಬಹಳ ಕಡಿಮೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಸಿಂಗಾಪುರಗಳ 185 ರೋಗಿಗಳ ಮೇಲೆ ಎರಡು ವರ್ಷ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಮುಖ್ಯ ಪ್ರಶ್ನೆ, ಉಳಿದಿದ್ದ ಮೂತ್ರಪಿಂಡಶಕ್ತಿ ಕುಗ್ಗುವ ವೇಗವನ್ನು ಇದು ತಗ್ಗಿಸುವುದೇ ಎಂಬುದಾಗಿತ್ತು. ಅದರಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಸ ದ್ರಾವಣ ಪಡೆದವರಲ್ಲಿ ಮೂತ್ರ ಪೂರ್ತಿ ನಿಂತುಹೋಗುವುದು ತಡವಾಯಿತು. ಸೋಂಕಿನ ಉರಿಯೂತವೂ ವರ್ಷಕ್ಕೆ 0.49 ಬಾರಿಯ ಬದಲು 0.30 ಬಾರಿ ಮಾತ್ರ ಕಂಡಿತು.

ಮೆಕ್ಕೆಜೋಳದ ಪಿಷ್ಟದಿಂದ ಪಡೆದ ಐಕೊಡೆಕ್ಸ್‌ಟ್ರಿನ್ ಇನ್ನೊಂದು ಪರ್ಯಾಯ. ಇದರ ದೊಡ್ಡ ಕಣಗಳನ್ನು ರಕ್ತ ಬೇಗನೆ ಹೀರದ ಕಾರಣ, ರಾತ್ರಿಯಿಡೀ ಹೊಟ್ಟೆಯಲ್ಲಿದ್ದರೂ ಇದು ನೀರನ್ನು ಸೆಳೆಯುತ್ತದೆ. ಆದರೆ 2002ರ ಸುಮಾರಿಗೆ ಇದನ್ನು ಬಳಸಿದ ಕೆಲವರ ಹೊಟ್ಟೆಯಿಂದ ಕಲಕಿದ ದ್ರವ ಬರತೊಡಗಿತು. ಪ್ರಯೋಗಾಲಯದಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಔಷಧಸಂಹಿತೆ ವಿಧಿಸಿದ ಪರೀಕ್ಷೆಗಳಲ್ಲಿ ಆ ದ್ರಾವಣ ತೇರ್ಗಡೆಯಾಗಿತ್ತು. ಆ ಪರೀಕ್ಷೆಗಳು ಹುಡುಕುತ್ತಿದ್ದುದು ಎಂಡೊಟಾಕ್ಸಿನ್ ಎಂಬ ವಿಷವನ್ನು; ದ್ರಾವಣದಲ್ಲಿ ಸೇರಿದ್ದುದು ಬೇರೊಂದು ಜಾತಿಯ ಬ್ಯಾಕ್ಟೀರಿಯಾದ ಕೋಶಗೋಡೆಯ ಪೆಪ್ಟಿಡೊಗ್ಲೈಕಾನ್. ಶಂಕಿತ ಚೀಲಗಳನ್ನು ಹಿಂದಕ್ಕೆ ಪಡೆದು, ಆ ವಸ್ತುವಿಗೂ ಪರೀಕ್ಷೆ ಆರಂಭಿಸಿದ ಮೇಲೆ ಪ್ರಕರಣಗಳು ಇಳಿದವು. 2005ರಲ್ಲಿ ಇದರ ವಿವರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಯಮದ ಅಕ್ಷರವನ್ನು ಪಾಲಿಸಿದ ಮಾತ್ರಕ್ಕೆ ನಿಯಮದ ಉದ್ದೇಶ ಈಡೇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಅಪರೂಪ.

ಇಷ್ಟೆಲ್ಲ ಇದ್ದರೂ ಹೆದರಿ ಚಿಕಿತ್ಸೆಯನ್ನು ಬಿಡುವುದು ಅವಿವೇಕ. ಪೊರೆಯನ್ನು ಮಿತವ್ಯಯದಿಂದ ಬಳಸುವ ಆಸ್ತಿಯೆಂದು ತಿಳಿಯುವುದೇ ವಿವೇಕ. ಊಟದಲ್ಲಿ ಉಪ್ಪನ್ನೂ, ವೈದ್ಯರು ಹೇಳಿದಷ್ಟಕ್ಕೆ ನೀರನ್ನೂ ಮಿತಗೊಳಿಸಿದರೆ ತೀಕ್ಷ್ಣವಾದ ಚೀಲದ ಅಗತ್ಯ ಕಡಿಮೆಯಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳನ್ನು ದೂರವಿಡುವುದೂ ಪೊರೆಯ ರಕ್ಷಣೆಯೇ. ಪೊರೆಯ ಸ್ಥಿತಿಯನ್ನು ಅಳೆಯುವ ನಾಲ್ಕು ಗಂಟೆಯ ಪರೀಕ್ಷೆಯೊಂದಿದೆ. ಅದು ಯಾವಾಗ ಆಗಬೇಕೆಂದು ವೈದ್ಯರನ್ನು ಕೇಳುವ ಹಕ್ಕು ಕುಟುಂಬಕ್ಕಿದೆ. ಐಕೊಡೆಕ್ಸ್‌ಟ್ರಿನ್ ಬಳಸುವ ಮಧುಮೇಹಿಗಳು ತಮ್ಮ ಗ್ಲೂಕೋಮೀಟರ್ ಅದಕ್ಕೆ ಹೊಂದುವುದೇ ಎಂದು ವಿಚಾರಿಸಲೇಬೇಕು. ಕೆಲವು ಯಂತ್ರಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚೆಂದು ತೋರಿಸುತ್ತವೆ; ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಪ್ರಾಣಾಪಾಯ.

ನಿಧಾನವಾದ ಉರಿಯೂತ ಕಣ್ಣಿಗೆ ಕಾಣದು, ಸೋಂಕಿನದು ಕಾಣುತ್ತದೆ. ಹೊರಬಂದ ದ್ರವದ ಚೀಲವನ್ನು ಅಚ್ಚಾದ ಪುಟವೊಂದರ ಮೇಲಿಟ್ಟು ನೋಡುವ ಪದ್ಧತಿ ಅನೇಕ ಕಡೆಗಳಲ್ಲಿದೆ. ಚೀಲದ ಮೂಲಕ ಅಕ್ಷರಗಳು ಓದಲು ಬರುವಂತಿರಬೇಕು. ಮಸುಕಾಗಿದ್ದರೆ, ಹೊಟ್ಟೆನೋವು ಇರಲಿ ಇಲ್ಲದಿರಲಿ, ಆ ಚೀಲವನ್ನು ಚೆಲ್ಲದೆ ಜೊತೆಗಿಟ್ಟುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಓದಲು ಬಲ್ಲ ಶಾಲೆಯ ಮಗುವೂ ಮನೆಯ ಹಿರಿಯರಿಗಾಗಿ ಈ ಪರೀಕ್ಷೆಯನ್ನು ಮಾಡಬಲ್ಲದು.