ಬ್ಯಾಟರಿ ಹತ್ತು, ಚಾರ್ಜರ್ ಒಂದು: ಹೇಗೆ?



ಕರೆಂಟ್ ಹೋದರೆ ನಮ್ಮ ಕುಷ್ಟಗಿ ಹಳ್ಳಿಗಳಲ್ಲಿ ಸಂಘದ ಲೆಕ್ಕ, ಹೊಲಿಗೆ ಎಲ್ಲಾ ನಿಂತುಬಿಡ್ತದೆ. 2014ರಲ್ಲಿ ಬೆಂಗಳೂರಿನ ಐಬಿಎಂ ಸಂಶೋಧಕರು ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳ ಒಳ್ಳೆಯ ಸೆಲ್ಲುಗಳನ್ನು ಆರಿಸಿ, 'ಊರ್ಜಾರ್' ಎಂಬ ಸಾಧನದಿಂದ ಎಲ್‌ಇಡಿ ದೀಪ ಹಚ್ಚಿ ತೋರಿಸಿದರು.

ಇಂಥ ಹಲವು ಬ್ಯಾಟರಿಗಳನ್ನು ಒಟ್ಟಿಗೆ ಚಾರ್ಜ್ ಮಾಡಬಹುದೇ? ಮಾಡಬಹುದು, ಆದರೆ ವೈರಿಗೆ ವೈರು ಕಟ್ಟಬಾರದು. ತುಂಬಿದ ಬ್ಯಾಟರಿಯಿಂದ ಖಾಲಿ ಬ್ಯಾಟರಿಗೆ ಒಮ್ಮೆಲೇ ಕರೆಂಟ್ ನುಗ್ಗಿ ಬಿಸಿಯಾಗ್ತದೆ, ಬೆಂಕಿಯೂ ಹತ್ತಬಹುದು.

ಒಂದೇ ಟಾಕಿಯಿಂದ ಪ್ರತಿ ಕೊಡಕ್ಕೂ ಬೇರೆ ನಳ ಬಿಟ್ಟಂತೆ ಚಾರ್ಜರ್ ಇರಬೇಕು. ಕೊಡ ತುಂಬಿದ ಕೂಡಲೇ ಆ ನಳ ಬಂದ್! ಸಾಮಾನ್ಯ ಲಿಥಿಯಂ ಸೆಲ್ 4.2 ವೋಲ್ಟ್ ಮುಟ್ಟಿದರೆ ತಾನಾಗಿಯೇ ನಿಲ್ಲಬೇಕು.

ಸಂಘದ ದುಡ್ಡು ಹಾಕುವ ಮುನ್ನ ಈ ಎರಡು ಮಾತು ಕೇಳೋಣ: ಪ್ರತಿಯೊಂದಕ್ಕೂ ಬೇರೆ ದಾರಿ ಇದೆಯೇ? ತುಂಬಿದರೆ ನಿಲ್ತದೆಯೇ? ಉಬ್ಬಿದ ಬ್ಯಾಟರಿ ಮಾತ್ರ ಮುಟ್ಟಿಸಲೇಬೇಡಿ.