ದುಡಿಯುವ ಮೈಗೂ ಯೋಗ ಬೇಕು

“ಕಾಕಾ, ದಿನಾ ಹೊಲದಾಗ ದುಡಿಯವ್ರಿಗೆ ಯೋಗ ಯಾಕ್ರಿ? ಅದು ಖುರ್ಚಿ ಮ್ಯಾಲೆ ಕುಂತವ್ರಿಗೆ” ಎಂದು ನಮ್ಮ ಶಿರಗುಪ್ಪಿಯ ಹುಡುಗರು ನನ್ನನ್ನು ಕೇಳುತ್ತಾರೆ. ದುಡಿದರೆ ಮೈ ದಣಿಯುತ್ತದೆ, ನಿಜ. ಆದರೆ ಮೈ ದಣಿದ ಮಾತ್ರಕ್ಕೆ ಮನಸ್ಸು ಮಲಗುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಸರಕಾರ ಸಾರಿತು. ಆ ವರ್ಷ ನನ್ನ ಎರಿ ಹೊಲದ ಹಿಂಗಾರಿ ಜೋಳ ತೆನೆ ಕಟ್ಟಲಿಲ್ಲ. ಕಡ್ಲಿ ಬಿತ್ತಿದ ಬೀಜದಷ್ಟೂ ಕೈಗೆ ಬರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರ, ಸಾಲದ ಲೆಕ್ಕ, ಎದಿ ಡವಡವ. ಹಗಲೆಲ್ಲ ಮನೆಯವರ ಮೇಲೆ ಸಿಟ್ಟು. ದವಾಖಾನೆಯಲ್ಲಿ ಬಿ.ಪಿ. ಇದೆ ಎಂದು ಗುಳಿಗಿ ಕೊಟ್ಟರು. ಆಗ ಊರಿನ ನಿವೃತ್ತ ಮಾಸ್ತರರೊಬ್ಬರು ಯೋಗ ಕಲಿಸಿದರು.

ಮಾಡುವುದು ಇಷ್ಟೇ

ಬೆಳಿಗ್ಗೆ ಹಾಲು ಹಿಂಡುವ ಮೊದಲು 20 ನಿಮಿಷ. ಒಂದು ಜಮಖಾನಿ ಸಾಕು, ಖರ್ಚಿಲ್ಲ. ಕಸ ತೆಗೆಯೋದು, ಜೋಳ ಕೀಳೋದು ಎಲ್ಲಾ ಮುಂದಕ್ಕೆ ಬಾಗುವ ಕೆಲಸ. ಬೆನ್ನು ಹಿಂದಕ್ಕೆ ಬಾಗುವ ಕೆಲಸ ಹೊಲದಾಗ ಇಲ್ಲ. ಅದಕ್ಕೆ ಭುಜಂಗಾಸನ: ಬೋರಲು ಮಲಗಿ, ಕೈ ಊರಿ, ಎದಿ ಮೆಲ್ಲಗೆ ಎತ್ತುವುದು. ಕೊನೆಗೆ ಐದು ನಿಮಿಷ ಶವಾಸನ.

ರಾತ್ರಿ ಮಲಗುವಾಗ ನಾಲ್ಕು ಎಣಿಸುವತನಕ ಉಸಿರು ಒಳಗೆ, ಆರು ಎಣಿಸುವತನಕ ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುವುದು ದೇಹದ ಗುಣ. ಬಿಡುವ ಉಸಿರು ಉದ್ದವಾದಷ್ಟೂ ಮನಸ್ಸು ತಣ್ಣಗಾಗುತ್ತದೆ.

ಗಟ್ಟಿ ಆಳಿಗೇ ಇದು ಎನ್ನಬೇಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಸಣ್ಣವರಿದ್ದಾಗ ರೋಗದಿಂದ ಸೊರಗಿದ್ದರು. ಯೋಗದಿಂದಲೇ ಚೇತರಿಸಿಕೊಂಡರು. ನಮ್ಮ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಅವರ ಕರೆಯ ಮೇಲೆ 1937ರಲ್ಲಿ ಪುಣೆಗೆ ಕಲಿಸಲು ಹೋದವರು, ಮುಂದೆ ಜಗತ್ತಿಗೇ ಗುರುವಾದರು.

ನನಗಾದ ಲಾಭ

ಎರಡು ತಿಂಗಳಿಗೆ ನಿದ್ದೆ ಕೂಡಿತು. ಸೊಂಟದ ಹಿಡಿತ ಸಡಿಲಾಯಿತು. ಸಿಟ್ಟು ಬಂದರೂ ಮಾತು ಹೊರಡುವ ಮೊದಲು ಒಂದು ಉಸಿರಿನ ಪುರಸತ್ತು ಸಿಗುತ್ತದೆ. ಯೋಗದಿಂದ ಮಳಿ ಬರಲಿಲ್ಲ, ಸಾಲ ತೀರಲಿಲ್ಲ. ಆದರೆ ನಿದ್ದೆಯಾದ ತಲೆಯಿಂದ ನಾನೂ ಮನೆಯಾಕೆಯೂ ಕೂತು ಸಾಲವನ್ನೆಲ್ಲ ಹಾಳಿ ಮೇಲೆ ಬರೆದೆವು. ಹೆಚ್ಚು ಬಡ್ಡಿಯ ಕೈಗಡ ಮೊದಲು, ಸೊಸೈಟಿಯದು ಆಮೇಲೆ ಎಂದು ಗೊತ್ತು ಮಾಡಿದೆವು. ಕತ್ತಲಲ್ಲಿ ದೊಡ್ಡದಾಗಿ ಕಂಡ ಸಾಲ, ಹಾಳಿ ಮೇಲೆ ಎಣಿಸಲಿಕ್ಕೆ ಬಂತು.

ಎಚ್ಚರಿಕೆ

ಬಿ.ಪಿ. ಇದ್ದವರು ಉಸಿರು ಬಿಗಿಹಿಡಿಯಬಾರದು, ತಲೆಕೆಳಗಿನ ಆಸನ ಬೇಡ. ಹರ್ನಿಯಾ ಇದ್ದವರಿಗೆ ಭುಜಂಗಾಸನ ಬೇಡ. ವೈದ್ಯರನ್ನು ಕೇಳದೆ ಗುಳಿಗಿ ಬಿಡಬೇಡಿ. ಮೊದಲು ಬಲ್ಲವರ ಮುಂದೆ ಕಲಿಯಿರಿ.

ಬದುಕೇ ಸಾಕು ಎಂಬ ವಿಚಾರ ಯಾರಿಗಾದರೂ ಬಂದರೆ ಯೋಗ ಒಂದನ್ನೇ ನೆಚ್ಚಬಾರದು. 14416ಕ್ಕೆ ಫೋನ್ ಮಾಡಿರಿ. ಸರಕಾರದ ಟೆಲಿ ಮಾನಸ್ ಸೇವೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳೆ ಹೋದರೆ ಮುಂದಿನ ವರ್ಷ ಬಿತ್ತಬಹುದು, ಬಿತ್ತುವ ಆಳು ಉಳಿಯಬೇಕು.