ಮನೆಯಂಗಳದಲ್ಲಿ ಮರುಹುಟ್ಟು ಪಡೆಯುವ ದೋಣಿ

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಅಂಬಿಗರ ಚೌಡಯ್ಯನವರದು ವಿಶಿಷ್ಟವಾದ ಸ್ಥಾನ. ಹೊಳೆ ದಾಟಿಸುವುದನ್ನೇ ಕಾಯಕವನ್ನಾಗಿ ಕೈಗೊಂಡು, ಆ ಕಾಯಕವನ್ನೇ ಹೆಸರಿನೊಡನೆ ಬೆಸೆದುಕೊಂಡು, ನೇರ ನುಡಿಗೆ ಹೆಸರಾದ ವಚನಕಾರರು ಅವರು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೌಡಯ್ಯದಾನಪುರವು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ದೋಣಿಯೆಂಬುದು ನಮ್ಮ ಸಮಾಜಕ್ಕೆ ಅಪರಿಚಿತವಾದ ವಸ್ತುವೇನಲ್ಲ. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲನ್ನೂ, ಬೊಂಬು ಜೋಡಿಸಿ ಕಟ್ಟಿದ ತೆಪ್ಪವನ್ನೂ ನಮ್ಮ ಹಿರಿಯರು ತಮ್ಮ ಕೈಯಿಂದಲೇ ಕಟ್ಟಿ, ತಮ್ಮ ಕೈಯಿಂದಲೇ ದುರಸ್ತಿ ಮಾಡಿಕೊಂಡು ಬಳಸುತ್ತಿದ್ದರು.

ಅದೇ ತೆಪ್ಪದ ತತ್ತ್ವವನ್ನು ಆಧರಿಸಿದ ಇನ್ನೊಂದು ದೋಣಿ ಅಮೆರಿಕದ ಸರೋವರಗಳಲ್ಲಿ ಮನೆಮಾತಾಗಿದೆ. ಅದರ ಹೆಸರು ಪಾಂಟೂನ್ ದೋಣಿ. ಮಕ್ಕಳನ್ನು ಕಾಣಲೆಂದು ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿ ಬಂದ ನಮ್ಮ ಓದುಗರಲ್ಲಿ ಕೆಲವರಾದರೂ ಅದರಲ್ಲಿ ಕುಳಿತಿರಬಹುದು. ಸೀರೆಯುಟ್ಟ ತಾಯಂದಿರು ಸಹ ನಿರಾಯಾಸವಾಗಿ ಹತ್ತಿ ಇಳಿಯಬಲ್ಲ, ಜಗುಲಿಯಂತೆ ಸಮತಟ್ಟಾದ ದೋಣಿ ಅದು. ಹಳೆಯದೊಂದನ್ನು ಕಡಿಮೆ ಬೆಲೆಗೆ ಕೊಂಡು, ಚಳಿಗಾಲವೆಲ್ಲ ಮನೆಯ ಕೊಟ್ಟಿಗೆಯಲ್ಲಿಟ್ಟು ಬಿಚ್ಚಿ, ಹೊಸದಾಗಿ ವಿನ್ಯಾಸಗೊಳಿಸಿ, ವಸಂತದಲ್ಲಿ ನೀರಿಗಿಳಿಸುವುದು ಅಲ್ಲಿನ ಗೃಹಸ್ಥರಿಗೆ ಪ್ರಿಯವಾದ ಹವ್ಯಾಸ. ಅಲ್ಲಿ ನೆಲೆಸಿದ ನಮ್ಮ ಮಕ್ಕಳೂ ನೆರೆಹೊರೆಯವರನ್ನು ಕಂಡು ಇದಕ್ಕೆ ಕೈಹಾಕಿದರೆ ಅಚ್ಚರಿಯಿಲ್ಲ. ಮೇಲುನೋಟಕ್ಕೆ ಬಡಗಿಯ ಕೆಲಸದಂತೆ ಕಾಣುವ ಈ ಕಾರ್ಯದಲ್ಲಿ ಇಡೀ ಕುಟುಂಬದ ಪ್ರಾಣವೇ ಪಣಕ್ಕಿರುತ್ತದೆ. ಆದುದರಿಂದ ಇದರ ಒಳಹೊರಗನ್ನು ಅರಿಯುವುದು ಲೇಸು.

ತೇಲುವ ಜಗುಲಿಯ ಕಥೆ

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡದಾದ ಸರೋವರಗಳೇ 11,842 ಇವೆ. ಆ ರಾಜ್ಯದ ರಿಚ್ಮಂಡ್ ಎಂಬ ಸಣ್ಣ ಊರಿನ ಬಳಿ 1950ರ ದಶಕದ ಆರಂಭದಲ್ಲಿ ಆಂಬ್ರೋಸ್ ವೀರ್ಸ್ ಎಂಬಾತನಿಗೆ ಒಂದು ಯೋಚನೆ ಹೊಳೆಯಿತು. ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು ಎರಡು ಉದ್ದನೆಯ ಕಂಬಗಳನ್ನು ಮಾಡಿ, ಅವುಗಳ ಮೇಲೆ ಮರದ ಹಲಗೆಗಳನ್ನು ಹಾಸಿದರೆ ಸಾಮಾನ್ಯ ದೋಣಿಗಿಂತ ಹೆಚ್ಚು ಸ್ಥಿರವಾದ ವಾಹನ ಸಿದ್ಧವಾಗುವುದಲ್ಲವೆ ಎಂಬುದೇ ಆ ಯೋಚನೆ. ಹಾಗೆ ಕಟ್ಟಿದ ದೋಣಿ ಜನರ ಮನಸ್ಸನ್ನು ಸೆಳೆಯಿತು. ಮುಂದೆ ಅದು ಆತನ ಉದ್ಯಮವೇ ಆಯಿತು. ಇಂದು ಪೀಪಾಯಿಗಳ ಜಾಗದಲ್ಲಿ ಅಲ್ಯೂಮಿನಿಯಂ ಕೊಳವೆಗಳು ಬಂದಿವೆ. ಎರಡರ ಬದಲು ಮೂರು ಕೊಳವೆಗಳ ದೋಣಿಗಳೂ ಇವೆ. ಮೂಲ ತತ್ತ್ವ ಮಾತ್ರ ಬದಲಾಗಿಲ್ಲ. ಈ ಇಡೀ ಬಗೆಯ ದೋಣಿ ಹುಟ್ಟಿದ್ದು ಒಬ್ಬ ಹಳ್ಳಿಗನ ಸ್ವಂತ ಪ್ರಯತ್ನದಿಂದ ಎಂಬುದು ಗಮನಾರ್ಹ. ಅದನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಪರಿಪಾಠವೂ ಅಷ್ಟೇ ಸಹಜವಾಗಿ ಬೆಳೆದು ಬಂದಿದೆ.

ಮೊದಲು ಪರೀಕ್ಷೆ

ಹಳೆಯ ದೋಣಿಯ ಹರಿದ ಆಸನ, ಮಾಸಿದ ಬಣ್ಣಗಳನ್ನು ಕಂಡು ಯಾರೂ ಹಿಂಜರಿಯಬೇಕಾಗಿಲ್ಲ. ಅವೆಲ್ಲ ಬದಲಿಸಬಹುದಾದ ವಸ್ತುಗಳು. ಪರೀಕ್ಷಿಸಬೇಕಾದುದು ಕೊಳವೆಗಳನ್ನು ಮತ್ತು ಅವುಗಳನ್ನು ಬಂಧಿಸಿರುವ ಅಡ್ಡತೊಲೆಗಳನ್ನು. ಕೊಳವೆಯೊಳಗೆ ನೀರು ಸೇರಿದ್ದರೆ ಅದು ಹೊರಗೆ ಕಾಣಿಸುವುದಿಲ್ಲ. ಆದರೆ 200 ಲೀಟರ್ ನೀರೆಂದರೆ 200 ಕಿಲೋಗ್ರಾಂ ಗುಪ್ತಭಾರ ಎಂದೇ ಅರ್ಥ. ನೀರಿನಲ್ಲಿ ನಿಂತ ದೋಣಿ ಒಂದು ಬದಿಗೆ ವಾಲಿದ್ದರೆ ಅಥವಾ ಹಿಂತುದಿ ತಗ್ಗಿದ್ದರೆ ಸಂಶಯಪಡಲೇಬೇಕು.

ಸೋರಿಕೆಯನ್ನು ಕಂಡುಹಿಡಿಯುವ ಕ್ರಮ ಬಹು ಸರಳ. ಕೊಳವೆಯೊಳಗೆ ಅತಿ ಕಡಿಮೆ ಒತ್ತಡದಲ್ಲಿ, ಚದರ ಅಂಗುಲಕ್ಕೆ 2ರಿಂದ 3 ಪೌಂಡಿಗೆ ಮೀರದಂತೆ, ಗಾಳಿ ತುಂಬಿ, ಬೆಸುಗೆಯ ಗೆರೆಗಳ ಮೇಲೆ ಸಾಬೂನಿನ ನೀರನ್ನು ಹಚ್ಚಿದರೆ ರಂಧ್ರವಿದ್ದೆಡೆ ಗುಳ್ಳೆಗಳೇಳುತ್ತವೆ. ಸೈಕಲ್ಲಿನ ಟ್ಯೂಬಿನ ಪಂಕ್ಚರನ್ನು ನೀರಿನ ಬೋಗುಣಿಯಲ್ಲಿ ಹುಡುಕುವ ವಿಧಾನವೇ ಇದು. ಆದರೆ ಟ್ಯೂಬಿಗೆ ತುಂಬುವಷ್ಟು ಗಾಳಿಯನ್ನು ಇಲ್ಲಿ ತುಂಬಿದರೆ ತೆಳುವಾದ ಕೊಳವೆ ಉಬ್ಬಿ ಬಿರಿದೀತು. ಸಿಕ್ಕ ರಂಧ್ರವನ್ನು ಅಂಟಿನಿಂದ ಮುಚ್ಚುವುದು ತಾತ್ಕಾಲಿಕ ಉಪಾಯ ಮಾತ್ರ. ಅಲ್ಯೂಮಿನಿಯಂ ಬೆಸುಗೆಯಲ್ಲಿ ಪಳಗಿದವರಿಂದ ವೆಲ್ಡಿಂಗ್ ಮಾಡಿಸುವುದೇ ಶಾಶ್ವತ ಪರಿಹಾರ. ಸ್ವಂತ ಕೈಯಿಂದ ಮಾಡಬೇಕಾದುದೆಷ್ಟು, ಪರಿಣತರಿಗೆ ಬಿಡಬೇಕಾದುದೆಷ್ಟು ಎಂಬ ವಿವೇಕವೂ ಕೆಲಸಗಾರಿಕೆಯ ಒಂದು ಅಂಗವೇ ಅಲ್ಲವೆ?

ಭಾರದ ಲೆಕ್ಕ

ಮರುವಿನ್ಯಾಸದ ಹೃದಯವಿರುವುದು ಲೆಕ್ಕದಲ್ಲಿ. ಮುಳುಗಿದ ವಸ್ತು ತಾನು ಸ್ಥಳಾಂತರಿಸಿದ ನೀರಿನ ತೂಕದಷ್ಟೇ ಮೇಲ್ಮುಖ ಬಲವನ್ನು ಪಡೆಯುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಪ್ರೌಢಶಾಲೆಯ ಮಕ್ಕಳೆಲ್ಲರೂ ಬಲ್ಲರು. ಅದನ್ನೇ ಇಲ್ಲಿ ಅನ್ವಯಿಸೋಣ.

58 ಸೆಂಟಿಮೀಟರ್ ವ್ಯಾಸದ, 6 ಮೀಟರ್ ಉದ್ದದ ಒಂದು ಕೊಳವೆಯ ಗಾತ್ರ ಸುಮಾರು 1.58 ಘನ ಮೀಟರ್. ಅದು ಪೂರ್ತಿ ಮುಳುಗಿದರೆ ಸ್ಥಳಾಂತರಿಸುವ ನೀರಿನ ತೂಕ 1,580 ಕಿಲೋಗ್ರಾಂ. ಎರಡು ಕೊಳವೆಗಳಿಗೆ 3,160 ಕಿಲೋಗ್ರಾಂ. ಆದರೆ ಪೂರ್ತಿ ಮುಳುಗುವವರೆಗೆ ಭಾರ ಹೇರುವವರು ಅವಿವೇಕಿಗಳು. ನಿಂತ ನೀರಿನಲ್ಲಿ ಕೊಳವೆಗಳು ಅರ್ಧಕ್ಕಿಂತ ಹೆಚ್ಚು ಮುಳುಗಕೂಡದೆಂಬುದು ಅನುಭವಿಗಳು ಪಾಲಿಸುವ ಸೂತ್ರ. ಹಾಗಾದರೆ ದೋಣಿಯ ಸ್ವಂತ ತೂಕವೂ ಸೇರಿ ನಮಗೆ ಲಭ್ಯವಿರುವುದು 1,580 ಕಿಲೋಗ್ರಾಂ. ಕೊಳವೆಯ ಮುಂತುದಿ ಚೂಪಾಗಿರುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಕಡಿಮೆಯೇ.

ಈಗ ಖರ್ಚಿನ ಕಡೆ ನೋಡೋಣ. ಇಂಥ ದೋಣಿಯೊಂದರಲ್ಲಿ ಎರಡು ಕೊಳವೆಗಳಿಗೆ 150, ಅಡ್ಡತೊಲೆಗಳಿಗೆ 80, ಪ್ಲೈವುಡ್ ಹಾಸಿಗೆ 165, ಕಟಾಂಜನ, ಆಸನ ಮತ್ತು ಮೇಲ್ಕಟ್ಟಿಗೆ 200, ಎಂಜಿನ್ನಿಗೆ 110, ಇಂಧನ ಮತ್ತು ಬ್ಯಾಟರಿಗೆ 80 ಕಿಲೋಗ್ರಾಂ ಎಂದು ಹಿಡಿದರೆ ಒಟ್ಟು 785 ಆಗುತ್ತದೆ. ಉಳಿದುದು 795. ತಲೆಗೆ 75 ಕಿಲೋಗ್ರಾಂ ಎಂದರೆ ಹತ್ತು ಜನ. 84 ಎಂದರೆ ಒಂಬತ್ತೇ ಜನ. ಬುತ್ತಿಯ ಡಬ್ಬಿ, ನೀರಿನ ಕ್ಯಾನು, ಮಂಜುಗಡ್ಡೆಯ ಪೆಟ್ಟಿಗೆ, ನೆನೆದ ಹಲಗೆಗಳ ಹೆಚ್ಚುವರಿ ತೂಕ ಇವನ್ನೆಲ್ಲ ಗಣಿಸಿದರೆ ಎಂಟಕ್ಕೆ ನಿಲ್ಲಿಸುವುದೇ ಜಾಣತನ. ಮಕ್ಕಳ ಸಂತೋಷಕ್ಕೆಂದು 150 ಕಿಲೋಗ್ರಾಮಿನ ಅಟ್ಟವನ್ನೋ ಜಾರುಬಂಡಿಯನ್ನೋ ಕಟ್ಟಿದರೆ 84ರ ಲೆಕ್ಕದಲ್ಲಿ ಸ್ಥಳವಿರುವುದು ಏಳು ಮಂದಿಗೆ ಮಾತ್ರ. ತಯಾರಕರು ದೋಣಿಗೆ ಹಚ್ಚಿದ ಸಾಮರ್ಥ್ಯ ಫಲಕವು ಮೂಲ ವಿನ್ಯಾಸಕ್ಕೆ ಅನ್ವಯಿಸುವುದೇ ಹೊರತು, ಮನೆಯಲ್ಲಿ ಮಾರ್ಪಡಿಸಿದ ವಿನ್ಯಾಸಕ್ಕಲ್ಲ ಎಂಬುದನ್ನು ಮರೆಯಲಾಗದು.

ಲೆಕ್ಕ ತಪ್ಪಿದರೆ

ಈ ಕೂಡುಕಳೆಯುವಿಕೆ ಕೇವಲ ಹುಸಿ ಎಚ್ಚರಿಕೆಯಲ್ಲ. 2004ರ ಮಾರ್ಚ್ 6ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 'ಲೇಡಿ ಡಿ' ಎಂಬ ಪಾಂಟೂನ್ ಜಲಟ್ಯಾಕ್ಸಿ 25 ಜನರನ್ನು ಹೊತ್ತು ಸಾಗುತ್ತಿದ್ದಾಗ ಹಠಾತ್ತನೆ ಬೀಸಿದ ಬಿರುಗಾಳಿಗೆ ಮಗುಚಿ, ಐವರು ಅಸುನೀಗಿದರು. ಜನರ ಸಂಖ್ಯೆ ಪರವಾನಗಿಯ ಮಿತಿಯೊಳಗೇ ಇತ್ತು. ಆದರೆ ಆ ಮಿತಿಯನ್ನು ನಿಗದಿಪಡಿಸಿದ ರೀತಿಯೇ ದೋಷಪೂರ್ಣವಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಬೇರೆ ರಚನೆಯ ಇನ್ನೊಂದು ದೋಣಿಯ ಪರೀಕ್ಷೆಯ ಫಲಿತಾಂಶವನ್ನು ಇದಕ್ಕೂ ಅನ್ವಯಿಸಲಾಗಿತ್ತು. ಒಬ್ಬ ವ್ಯಕ್ತಿಯ ಸರಾಸರಿ ತೂಕವನ್ನು ಹಳೆಯ ಕಾಲದ ಮಾನದಂತೆ 140 ಪೌಂಡ್, ಅಂದರೆ ಸುಮಾರು 63 ಕಿಲೋಗ್ರಾಂ ಎಂದು ಹಿಡಿಯಲಾಗಿತ್ತು. ಪ್ರಯಾಣಿಕರ ದೋಣಿಗಳ ಲೆಕ್ಕಕ್ಕೆ ಆ ದೇಶದ ಕರಾವಳಿ ರಕ್ಷಣಾ ಪಡೆ 2011ರ ಡಿಸೆಂಬರಿನಿಂದ 185 ಪೌಂಡ್, ಅಂದರೆ ಸುಮಾರು 84 ಕಿಲೋಗ್ರಾಂ ಎಂಬ ಮಾನವನ್ನು ಜಾರಿಗೆ ತಂದಿತು.

ಪಾಂಟೂನ್ ದೋಣಿಯ ಸ್ವಭಾವವನ್ನು ಇಲ್ಲಿ ತಿಳಿಯಬೇಕು. ಎರಡು ಕೊಳವೆಗಳು ದೂರ ದೂರವಿರುವುದರಿಂದ ಅದು ಆರಂಭದಲ್ಲಿ ಬಲು ಸ್ಥಿರವೆನಿಸುತ್ತದೆ. ಆದರೆ ವಾಲಿದ ಬದಿಯ ಕೊಳವೆ ಒಮ್ಮೆ ಪೂರ್ತಿ ಮುಳುಗಿದರೆ ಆ ಬದಿಗೆ ಹೆಚ್ಚಿನ ಆಧಾರವೇ ಇರುವುದಿಲ್ಲ. ಭಾರ ಮೇಲಿದ್ದಷ್ಟೂ, ಜನರೆಲ್ಲ ಒಂದೇ ಬದಿಗೆ ಸರಿದಷ್ಟೂ ಅಪಾಯ ಸಮೀಪಿಸುತ್ತದೆ. ದೋಣಿಯ ಬಗೆ ಬೇರೆಯಾದರೂ ಇದೇ ಪಾಠವನ್ನು ನಮ್ಮ ನಾಡಿನ ನೆರೆಯಲ್ಲೂ ಕಂಡಿದ್ದೇವೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 45 ಮಂದಿ ಜಲಸಮಾಧಿಯಾದರು. ದಡದ ಪ್ರಾಣಿಗಳನ್ನು ಕಾಣಲು ಜನರು ಒಂದೇ ಬದಿಗೆ ಧಾವಿಸಿದ್ದರೆಂಬ ವರದಿಗಳು ಬಂದವು.

ಹಲಗೆ, ಬೋಲ್ಟು ಮತ್ತು ಲೋಹಗಳ ಹಗೆತನ

ಹಳೆಯ ದೋಣಿಯಲ್ಲಿ ಮೊದಲು ಕೊಳೆಯುವುದು ಹಾಸಿನ ಹಲಗೆ. ಅದನ್ನು ಕಿತ್ತು ಹೊಸದನ್ನು ಹಾಕುವಾಗ ಮನೆ ಕಟ್ಟುವ ಅಗ್ಗದ ಹಲಗೆಯನ್ನು ತರುವುದು ಸಾಮಾನ್ಯ ಪ್ರಮಾದ. ಗೆದ್ದಲು, ಬೂಷ್ಟು ತಗಲದಂತೆ ರಾಸಾಯನಿಕ ಲೇಪಿಸಿದ ಮರದಲ್ಲಿ ತಾಮ್ರದ ಅಂಶವಿರುತ್ತದೆ. ಅಮೆರಿಕದಲ್ಲಿ ಆರ್ಸೆನಿಕ್ ಬೆರೆತ ಹಳೆಯ ಲೇಪನವನ್ನು ಮನೆಬಳಕೆಯ ಮರದಿಂದ 2003ರ ಕೊನೆಗೆ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಲೇಪನಗಳಲ್ಲಿ ತಾಮ್ರದ ಪ್ರಮಾಣ ಇನ್ನೂ ಹೆಚ್ಚು. ತಾಮ್ರ ಮತ್ತು ಅಲ್ಯೂಮಿನಿಯಂ ನೀರಿನ ಸಮ್ಮುಖದಲ್ಲಿ ಕೂಡಿದರೆ ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು, ಅಲ್ಯೂಮಿನಿಯಂ ನಿಧಾನವಾಗಿ ಸವೆಯುತ್ತದೆ. ಕೆಲವೇ ವರ್ಷಗಳಲ್ಲಿ ಅಡ್ಡತೊಲೆಗಳಲ್ಲಿ ತೂತುಗಳು ಕಾಣಿಸಿಕೊಂಡಾವು. ಇದೇ ಕಾರಣಕ್ಕೆ ತಾಮ್ರಯುಕ್ತ ಬಣ್ಣವನ್ನು ಕೊಳವೆಗಳಿಗೆ ಬಳಿಯಬಾರದು. ಜಲಯಾನಕ್ಕೆಂದೇ ತಯಾರಿಸಿದ ಪ್ಲೈವುಡ್ಡನ್ನು ಆಯ್ದು, ಕತ್ತರಿಸಿದ ಅಂಚುಗಳನ್ನೂ ಕೊರೆದ ತೂತುಗಳನ್ನೂ ಎಪಾಕ್ಸಿಯಿಂದ ಮುಚ್ಚಿ, ತುಕ್ಕು ಹಿಡಿಯದ ಉಕ್ಕಿನ ಬೋಲ್ಟುಗಳನ್ನು ಬಳಸಿ, ಲೋಹಗಳ ನಡುವೆ ಪ್ಲಾಸ್ಟಿಕ್ಕಿನ ವಾಷರ್ ಇರಿಸಿದರೆ ದೋಣಿ ಬಹುಕಾಲ ಬಾಳುತ್ತದೆ.

ಮನೆಯವರಿಗೆ ತಕ್ಕ ವಿನ್ಯಾಸ

ಆಸನಗಳ ಜೋಡಣೆಯಲ್ಲಿ ಗೃಹಿಣಿಯರ ಅಭಿಪ್ರಾಯ ಕೇಳುವುದು ಹಿತಕರ. ಅಡುಗೆಮನೆಯನ್ನು ಅಚ್ಚುಕಟ್ಟಾಗಿ ಹೊಂದಿಸಿದವರಿಗೆ ಇಕ್ಕಟ್ಟಿನ ಜಾಗದ ಮರ್ಮ ತಿಳಿದಿರುತ್ತದೆ. ಎಂಜಿನ್, ಇಂಧನ, ಬ್ಯಾಟರಿ ಮೂರೂ ಹಿಂಬದಿಗೇ ಸೇರಿದರೆ ಹಿಂತುದಿ ತಗ್ಗುತ್ತದೆ. ಆದುದರಿಂದ ಭಾರವನ್ನು ಮುಂದಕ್ಕೂ ಹಿಂದಕ್ಕೂ, ಎಡಕ್ಕೂ ಬಲಕ್ಕೂ ಹಂಚಬೇಕು. ವೃದ್ಧರಿಗಾಗಿ ಅಗಲವಾದ ಬಾಗಿಲು, ಹಿಡಿದುಕೊಳ್ಳಲು ಗಟ್ಟಿ ಸರಳು, ಬಿಸಿಲಿಗೆ ಮಡಚಬಹುದಾದ ಮೇಲ್ಕಟ್ಟು ಇರಲಿ. ಬಾಗಿಲುಗಳು ಒಳಮುಖವಾಗಿ ತೆರೆಯುವಂತಿರಲಿ, ಚಿಲಕ ಭದ್ರವಾಗಿರಲಿ.

ಕಟಾಂಜನದ ಆಚೆ, ಮುಂತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳುವ ಆಸೆ ಮಕ್ಕಳಿಗೆ ಸಹಜ. ಚಲಿಸುವ ದೋಣಿಯಿಂದ ಅಲ್ಲಿ ಜಾರಿ ಬಿದ್ದವರು ಎರಡು ಕೊಳವೆಗಳ ನಡುವೆ ಸಿಲುಕಿ ನೇರವಾಗಿ ಎಂಜಿನ್ನಿನ ಚಕ್ರದ ಬಾಯಿಗೆ ಸಿಗುತ್ತಾರೆ. ಹಾಗೆ ಕೂರಲು ಅವಕಾಶವೇ ಇಲ್ಲದಂತೆ ಕಟಾಂಜನವನ್ನು ಮುಂದಕ್ಕೆ ತರುವುದು ಮರುವಿನ್ಯಾಸದ ಬಹುದೊಡ್ಡ ಸುಧಾರಣೆ ಎನ್ನಬಹುದು. ಹಿಂಬದಿಯಲ್ಲಿ ಪರದೆ ಕಟ್ಟಿ ಕೋಣೆಯಂತೆ ಮಾಡುವವರು ಎಂಜಿನ್ನಿನ ಹೊಗೆಯನ್ನು ನೆನೆಯಬೇಕು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮೂರ್ಛೆಗೂ ಮರಣಕ್ಕೂ ಕಾರಣವಾಗಬಲ್ಲದು.

ನೀರಿಗಿಳಿಸುವ ಮುನ್ನ

ಮೊದಲ ದಿನವೇ ಬಂಧುಬಳಗವನ್ನೆಲ್ಲ ಹತ್ತಿಸಿಕೊಂಡು ಹೊರಡುವುದು ಸಲ್ಲದು. ದಡದ ಬಳಿ, ಆಳವಿಲ್ಲದ ನೀರಿನಲ್ಲಿ ಖಾಲಿ ದೋಣಿಯನ್ನು ನಿಲ್ಲಿಸಿ ಕೊಳವೆ ಎಷ್ಟು ಮುಳುಗಿದೆಯೆಂದು ಗುರುತು ಹಾಕಬೇಕು. ಬಳಿಕ ಜನರ ತೂಕಕ್ಕೆ ಸಮನಾಗಿ ನೀರು ತುಂಬಿದ ಕ್ಯಾನುಗಳನ್ನಿಟ್ಟು, ಮೊದಲು ನಡುವಿಗೆ, ಆಮೇಲೆ ಒಂದೊಂದೇ ಬದಿಗೆ ಸರಿಸಿ ನೋಡಬೇಕು. ಮರುದಿನ ಕೊಳವೆಯ ಗುರುತು ತಗ್ಗಿದ್ದರೆ ಸೋರಿಕೆ ಉಳಿದಿದೆಯೆಂದು ತಿಳಿಯಬೇಕು. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಜೀವರಕ್ಷಕ ಜಾಕೆಟ್ ಇರಬೇಕೆಂಬುದು ಅಮೆರಿಕದ ಕಾನೂನು; ದೋಣಿ ಚಲಿಸುವಾಗ ತೆರೆದ ಹಾಸಿನಲ್ಲಿರುವ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟೇ ಇರಬೇಕೆಂಬುದು ಕೇಂದ್ರದ ನಿಯಮ. ರಾಜ್ಯಗಳ ವಯೋಮಿತಿಯಲ್ಲಿ ವ್ಯತ್ಯಾಸಗಳಿವೆ. ಈಜು ಬಾರದ ಹಿರಿಯರಂತೂ ಕಾನೂನು ಕೇಳದಿದ್ದರೂ ತೊಡುವುದೇ ಮೇಲು.

ಕೈಕೆಲಸದ ಘನತೆ

ಓದು ಹೆಚ್ಚಿದಂತೆಲ್ಲ ಸುತ್ತಿಗೆ, ಗರಗಸಗಳನ್ನು ಮುಟ್ಟಲು ಸಂಕೋಚಪಡುವ ಪ್ರವೃತ್ತಿ ನಮ್ಮಲ್ಲಿ ಬೆಳೆದಿದೆ. ಎಲ್ಲ ಕಾಯಕಗಳೂ ಸಮಾನವೆಂದು ಸಾರಿದ ಶರಣರ ಅನುಯಾಯಿಗಳಿಗೆ ಇದು ಶೋಭಿಸದು. ಕಚೇರಿಯಲ್ಲಿ ಉನ್ನತ ಹುದ್ದೆಯಲ್ಲಿರುವ ತಂದೆ ರಜೆಯ ದಿನ ಮಗಳ ಕೈಗೆ ಅಳತೆಪಟ್ಟಿಯನ್ನೂ ಮಗನ ಕೈಗೆ ಪಾನಾವನ್ನೂ ಕೊಟ್ಟು ತಾನೂ ಮೈಗೆ ಗ್ರೀಸ್ ಮೆತ್ತಿಕೊಂಡು ದುಡಿದರೆ, ಕಾಯಕದ ಬಗೆಗಿನ ಹತ್ತು ಉಪನ್ಯಾಸಗಳಿಗಿಂತ ಮಿಗಿಲಾದ ಶಿಕ್ಷಣ ಆ ಮನೆಯಲ್ಲಿ ನಡೆದಂತೆ. ಆರ್ಕಿಮಿಡೀಸನ ನಿಯಮ ಆ ಮಕ್ಕಳಿಗೆ ಮತ್ತೆಂದೂ ಮರೆಯದು.

ಆದರೆ ಕಾಯಕಕ್ಕೆ ಪ್ರಾಮಾಣಿಕತೆಯೇ ಪ್ರಾಣ. ಕಾಣದ ಕೊಳವೆಯೊಳಗಿನ ನೀರನ್ನೂ ಹಲಗೆಯಡಿಯ ಬೋಲ್ಟನ್ನೂ ನೋಡಬಲ್ಲವನು ಕೆಲಸಗಾರನೊಬ್ಬನೇ. ಮೇಲೆ ಕುಳಿತವರು ಅವನನ್ನು ನಂಬಿರುತ್ತಾರೆ. ಎಂಟು ಜನರ ದೋಣಿಗೆ ಒಂಬತ್ತನೆಯವರು ಬಂದಾಗ, ಅವರು ಎಷ್ಟೇ ಆಪ್ತ ಬೀಗರಾಗಿರಲಿ, "ಮುಂದಿನ ಸುತ್ತಿಗೆ ಕರೆದೊಯ್ಯುತ್ತೇನೆ, ದಡದಲ್ಲಿ ಕುಳಿತಿರಿ" ಎಂದು ಕೈಮುಗಿದು ಹೇಳುವ ದಿಟ್ಟತನ ಅಂಬಿಗನಿಗೆ ಇರಬೇಕು. ನಂಬಿ ಹತ್ತಿದವರನ್ನು ಸುರಕ್ಷಿತವಾಗಿ ದಡಕ್ಕೆ ಮರಳಿಸಿದಾಗಲೇ ಆತನ ಕಾಯಕ ಪೂರ್ಣವಾಗುವುದು.